ಗಡ್ಡೆ ಹೋಗಲಿ, ಗರ್ಭಕೋಶ ಉಳಿಯಲಿ



ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳೂ ಎಲ್ಲರಿಗಿಂತ ಕಡೆಗೆ ಉಣ್ಣುವವಳೂ ತಾಯಿ. ಮಗುವಿನ ಹಣೆ ಮುಟ್ಟಿದೊಡನೆ ಜ್ವರವನ್ನು ಅರಿಯುವ, ಪತಿಯ ಮುಖ ನೋಡಿದೊಡನೆ ದಣಿವನ್ನು ತಿಳಿಯುವ ಆಕೆ ತನ್ನ ದೇಹದ ಬಾಧೆಯನ್ನು ಮಾತ್ರ ವರ್ಷಗಟ್ಟಲೆ ಸೆರಗಿನ ಮರೆಯಲ್ಲಿ ಇಟ್ಟುಕೊಂಡು ನಡೆಯುತ್ತಾಳೆ. ಅದರಲ್ಲಿಯೂ ಆ ಬಾಧೆ ತಿಂಗಳ ಮುಟ್ಟಿಗೆ ಸಂಬಂಧಿಸಿದ್ದಾದರೆ, ಅದನ್ನು ಬಾಯಿಬಿಟ್ಟು ಹೇಳುವುದೇ ತಪ್ಪೆಂಬಂತೆ ನಮ್ಮ ಮನೆಗಳಲ್ಲಿ ಒಂದು ಮೌನ ಬೆಳೆದುಬಂದಿದೆ. ಹೀಗೆ ಐದಾರು ವರ್ಷ ಸಹಿಸಿ ಒಂದು ದಿನ ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ, “ಗರ್ಭಕೋಶದಲ್ಲಿ ಗಡ್ಡೆ ಇದೆ” ಎಂಬ ಮಾತು ಕಿವಿಗೆ ಬೀಳುತ್ತದೆ. ಮನೆಮಂದಿ ಬೆದರುತ್ತಾರೆ. ಎರಡೇ ದಿನಗಳಲ್ಲಿ ಗರ್ಭಕೋಶವನ್ನೇ ತೆಗೆಸಿಬಿಡುವ ತೀರ್ಮಾನವಾಗುತ್ತದೆ.

ಐದು ವರ್ಷಗಳ ಮೌನ, ಎರಡು ದಿನಗಳ ಆತುರ - ಇವೆರಡರ ನಡುವೆ ವಿವೇಕದ ಹಾದಿಯೊಂದಿದೆ. ಗಡ್ಡೆಯನ್ನಷ್ಟೇ ತೆಗೆದು ಗರ್ಭಕೋಶವನ್ನು ಉಳಿಸುವ, ಅದನ್ನೂ ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ ಸಣ್ಣ ರಂಧ್ರಗಳ ಮೂಲಕವೇ ಸಾಧಿಸುವ ಶಸ್ತ್ರಚಿಕಿತ್ಸೆ ಇಂದು ನಮ್ಮ ನಾಡಿನ ನಗರಗಳಲ್ಲಿಯೂ ದೊರೆಯುತ್ತಿದೆ. ಅದರ ಸ್ವರೂಪವೇನು, ಅದು ಯಾರಿಗೆ ಒಗ್ಗುತ್ತದೆ, ಅದರ ಗುಣದೋಷಗಳೇನು ಎಂಬುದನ್ನು ಕುಟುಂಬದ ಎಲ್ಲರೂ, ಮುಖ್ಯವಾಗಿ ಮನೆಯ ಹಿರಿಯರೂ ಗಂಡಸರೂ ತಿಳಿಯಲೆಂಬುದೇ ಈ ಲೇಖನದ ಉದ್ದೇಶ. ನಾವು ವೈದ್ಯರಲ್ಲ. ವೈದ್ಯರ ಬರಹಗಳನ್ನು ಓದಿ, ಅವರ ಮಾತುಗಳನ್ನು ಕೇಳಿ, ಗೃಹಸ್ಥರಿಗೆ ತಿಳಿಯುವಂತೆ ನಿವೇದಿಸುವುದಷ್ಟೇ ನಮ್ಮ ಕೆಲಸ.

ಗಡ್ಡೆಯೆಂದರೇನು?

ಗರ್ಭಕೋಶವು ಹೆಚ್ಚುಕಡಿಮೆ ಒಂದು ಮುಷ್ಟಿಯ ಗಾತ್ರದ, ದಪ್ಪ ಸ್ನಾಯುವಿನ ಗೋಡೆಯುಳ್ಳ ಅಂಗ. ಆ ಸ್ನಾಯುವಿನ ಒಂದು ಕಣ ಲೆಕ್ಕಮೀರಿ ಬೆಳೆದು ನಾರುನಾರಾದ ಉಂಡೆಯಾಗುವುದನ್ನೇ ವೈದ್ಯರು ಫೈಬ್ರಾಯ್ಡ್ ಎನ್ನುತ್ತಾರೆ. ಕನ್ನಡದಲ್ಲಿ ನಾರುಗಡ್ಡೆ ಎನ್ನಬಹುದು. ಇದು ಕ್ಯಾನ್ಸರ್ ಅಲ್ಲ. ಈ ಮಾತನ್ನು ಮೊದಲಿಗೇ ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ಭಯ ಕಳೆಯುತ್ತದೆ. ಗಡ್ಡೆ ಕಾಳಿನಷ್ಟು ಚಿಕ್ಕದಿರಬಹುದು, ತೆಂಗಿನಕಾಯಿಯನ್ನು ಮೀರಿ ಬೆಳೆಯಲೂಬಹುದು. ಒಂದೇ ಇರಬಹುದು, ಹತ್ತಾರು ಇರಬಹುದು. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳ ಆಸರೆಯಲ್ಲಿ ಅದು ಬೆಳೆಯುವುದರಿಂದ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನಾಗಿಯೇ ಕುಗ್ಗುತ್ತದೆ.

ಇದು ಅಪರೂಪದ ವ್ಯಾಧಿಯೂ ಅಲ್ಲ. ೨೦೦೩ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಐವತ್ತು ವರ್ಷವಾಗುವಷ್ಟರಲ್ಲಿ ಅಲ್ಲಿಯ ಬಿಳಿಯ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೭೦ ಮಂದಿಗೆ, ಕಪ್ಪು ಸ್ತ್ರೀಯರಲ್ಲಿ ೮೦ಕ್ಕೂ ಹೆಚ್ಚು ಮಂದಿಗೆ ಗಡ್ಡೆ ಕಾಣಿಸಿಕೊಂಡಿರುತ್ತದೆ. ಅವರಲ್ಲಿ ಬಹುಮಂದಿಗೆ ಯಾವ ತೊಂದರೆಯೂ ಇರುವುದಿಲ್ಲ. ಬೇರಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಗಡ್ಡೆ ಕಂಡಿತೆಂದ ಮಾತ್ರಕ್ಕೆ ಶಸ್ತ್ರಚಿಕಿತ್ಸೆಗೆ ಓಡಬೇಕಾಗಿಲ್ಲ.

ಗಾತ್ರಕ್ಕಿಂತಲೂ ಗಡ್ಡೆ ಕುಳಿತ ಸ್ಥಳ ಮುಖ್ಯ. ಗರ್ಭಕೋಶವನ್ನು ಒಂದು ಕೋಣೆಯೆಂದು ಭಾವಿಸೋಣ. ಕೆಲವು ಗಡ್ಡೆಗಳು ಕೋಣೆಯ ಒಳಕ್ಕೆ ಉಬ್ಬಿರುತ್ತವೆ. ಕೆಲವು ಗೋಡೆಯಲ್ಲಿಯೇ ಹೂತಿರುತ್ತವೆ. ಮತ್ತೆ ಕೆಲವು ಗೋಡೆಯ ಹೊರಮೈಗೆ ಅಂಟಿಯೋ ತೊಟ್ಟಿನಿಂದ ಜೋತುಬಿದ್ದೋ ಇರುತ್ತವೆ. ಒಳಕ್ಕೆ ಉಬ್ಬಿದ ಗಡ್ಡೆ ನೆಲ್ಲಿಕಾಯಿಯಷ್ಟೇ ಇದ್ದರೂ ಧಾರಾಕಾರ ರಕ್ತಸ್ರಾವವನ್ನು ಉಂಟುಮಾಡಬಲ್ಲದು. ಹೊರಮೈಯದು ಮೋಸಂಬಿಯಷ್ಟಾದರೂ ಸುಮ್ಮನಿರಬಹುದು. ಈ ಸ್ಥಾನಭೇದವನ್ನು ಗುರುತಿಸಲು ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವು ೨೦೧೧ರಲ್ಲಿ ಸೊನ್ನೆಯಿಂದ ಎಂಟರವರೆಗಿನ ವರ್ಗೀಕರಣವನ್ನು ಜಾರಿಗೆ ತಂದಿತು. ಯಾವ ಚಿಕಿತ್ಸೆ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಈ ಸ್ಥಾನದಲ್ಲಿಯೇ ಅಡಗಿದೆ.

ನಮ್ಮ ಪ್ರಾಚೀನರಿಗೂ ಇಂಥ ಬಾಧೆಗಳ ಪರಿಚಯವಿತ್ತು. ಸ್ತ್ರೀಯರಿಗೆ ಮಾತ್ರ ಉಂಟಾಗುವ, ಗರ್ಭವೆಂದೇ ಭ್ರಮೆ ಹುಟ್ಟಿಸುವ ರಕ್ತಗುಲ್ಮವೆಂಬ ವ್ಯಾಧಿಯನ್ನು ಚರಕಸಂಹಿತೆ ವರ್ಣಿಸುತ್ತದೆ. ಆದರೆ ಅಂದು ಕೈಯ ಸ್ಪರ್ಶದಿಂದ ಊಹಿಸಬೇಕಾಗಿದ್ದುದನ್ನು ಇಂದು ಸ್ಕ್ಯಾನ್ ಯಂತ್ರ ಕೆಲವೇ ನಿಮಿಷಗಳಲ್ಲಿ ತೋರಿಸುತ್ತದೆ.

ಮೌನಕ್ಕೆ ತೆರುವ ಬೆಲೆ

ಮುಟ್ಟು ಏಳೆಂಟು ದಿನಗಳನ್ನು ಮೀರುವುದು, ಹೆಪ್ಪುಗಟ್ಟಿದ ರಕ್ತ ಹೋಗುವುದು, ಗಂಟೆ ಎರಡು ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾಗುವುದು, ಕಿಬ್ಬೊಟ್ಟೆಯಲ್ಲಿ ಭಾರ, ಪದೇಪದೇ ಮೂತ್ರ, ಮಲಬದ್ಧತೆ, ಸೊಂಟನೋವು - ಇವು ಗಡ್ಡೆಯ ಸೂಚನೆಗಳಾಗಬಹುದು. ಕೆಲವರಿಗೆ ಗರ್ಭ ನಿಲ್ಲದಿರುವುದಕ್ಕೂ ಗರ್ಭಪಾತಕ್ಕೂ ಇದೇ ಕಾರಣವಾಗುವುದುಂಟು.

ತಿಂಗಳು ತಿಂಗಳೂ ಹೀಗೆ ರಕ್ತ ಸೋರಿಹೋದರೆ ದೇಹದಲ್ಲಿ ಉಳಿಯುವುದೇನು? ಗರ್ಭಿಣಿಯಲ್ಲದ ಸ್ತ್ರೀಯ ಹಿಮೋಗ್ಲೋಬಿನ್ ೧೨ ಗ್ರಾಮಿಗಿಂತ ಕೆಳಗಿಳಿದರೆ ಅದು ರಕ್ತಹೀನತೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ೧೫ರಿಂದ ೪೯ ವರ್ಷದ ಸ್ತ್ರೀಯರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ರಕ್ತಹೀನರು. ಅದಕ್ಕೆ ಕಾರಣಗಳು ಹಲವು. ಆದರೆ ಹೇಳಿಕೊಳ್ಳದ ಅತಿಸ್ರಾವವೂ ಅವುಗಳಲ್ಲೊಂದು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ನಿಂತರೆ ಕಣ್ಣು ಕತ್ತಲೆ, ಸಣ್ಣ ಮಾತಿಗೂ ಸಿಡುಕು - ಇದನ್ನು ಮನೆಯವರು ಸ್ವಭಾವವೆಂದು ತಿಳಿಯುತ್ತಾರೆ. ಅದು ರಕ್ತದ ಕೊರತೆಯ ಲಕ್ಷಣವಾಗಿರಬಹುದು.

ಹನ್ನೆರಡನೆಯ ಶತಮಾನದ ಶರಣರು ಅಲ್ಲಗಳೆದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದೆಂಬುದು ನಮ್ಮ ಓದುಗರಿಗೆ ತಿಳಿದ ವಿಷಯ. ಮುಟ್ಟು ಮೈಲಿಗೆಯಲ್ಲವೆಂದು ಒಪ್ಪಿದ ಮನೆತನಗಳಲ್ಲಿಯೇ ಅದರ ಬಾಧೆಯನ್ನು ಹೇಳಲು ಹೆಣ್ಣುಮಗಳು ನಾಚುವಂತಿದ್ದರೆ, ಒಪ್ಪಿದ್ದು ಬಾಯಲ್ಲಿ ಮಾತ್ರವೆಂದಾಗುತ್ತದೆ.

ತೆಗೆದುಬಿಡುವ ಆತುರ

ಮೌನ ಒಡೆದ ಮೇಲೆ ಬರುವ ಅಪಾಯ ಇನ್ನೊಂದು ಬಗೆಯದು. “ಮಕ್ಕಳು ಆಗ್ಯಾವ, ಇನ್ನ ಆ ಚೀಲ ಇಟ್ಟುಕೊಂಡು ಏನ ಮಾಡಾಕಿ? ತೆಗೆಸಿಬಿಡವ್ವಾ, ತ್ರಾಸ ತಪ್ಪತದ” - ನಮ್ಮ ಸೀಮೆಯ ಮನೆಗಳಲ್ಲಿ ಅತ್ತೆ ಸೊಸೆಗೆ ಹೇಳುವ ಈ ಮಾತನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಅದರಲ್ಲಿ ಕೇಡಿನ ಉದ್ದೇಶವಿಲ್ಲ, ಕನಿಕರವೇ ಇದೆ. ಆದರೆ ಕನಿಕರಕ್ಕೆ ತಿಳಿವಳಿಕೆಯ ಜೊತೆಯಿಲ್ಲದಿದ್ದರೆ ಅದೂ ಘಾತವಾಗುತ್ತದೆ.

ಗರ್ಭಕೋಶ ಹೆರಿಗೆಗೆ ಮಾತ್ರ ಇರುವ ಚೀಲವಲ್ಲ. ಅದನ್ನು ತೆಗೆಯುವಾಗ ಅಂಡಾಶಯಗಳನ್ನೂ ತೆಗೆದರೆ ಅದೇ ದಿನದಿಂದ ಮುಟ್ಟು ನಿಂತ ಸ್ಥಿತಿ ಬಂದೊದಗುತ್ತದೆ: ಮೈಬಿಸಿ, ನಿದ್ರಾಹೀನತೆ, ಕಾಲಕ್ಕೆ ಮೊದಲೇ ಎಲುಬು ಸವೆಯುವುದು, ಹೃದ್ರೋಗದ ಸಂಭವ ಹೆಚ್ಚುವುದು. ಅಂಡಾಶಯ ಉಳಿಸಿದರೂ ಅವುಗಳ ಕೆಲಸ ಸ್ವಲ್ಪ ಬೇಗನೆ ನಿಲ್ಲುವುದುಂಟು. ಅರವತ್ತರ ಸ್ತ್ರೀಗೆ ಹೊರೆಯಾಗದ ಈ ನಷ್ಟ ಮೂವತ್ತೈದರ ಸ್ತ್ರೀಗೆ ಬಾಳಿನುದ್ದದ ಹೊರೆ. ನಮ್ಮ ದೇಶದಲ್ಲಿ ೧೫ರಿಂದ ೪೯ ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ಮೂವರು ಗರ್ಭಕೋಶ ತೆಗೆಸಿಕೊಂಡಿದ್ದಾರೆಂದೂ, ಅವರಲ್ಲಿ ಅರ್ಧದಷ್ಟು ಮಂದಿಗೆ ಆ ವೇಳೆಗೆ ವಯಸ್ಸು ಮೂವತ್ತೈದರ ಆಸುಪಾಸನ್ನು ದಾಟಿರಲಿಲ್ಲವೆಂದೂ ಮೇಲೆ ಹೇಳಿದ ಸಮೀಕ್ಷೆಯಿಂದ ತಿಳಿಯುತ್ತದೆ.

ಇದು ಎಲ್ಲೋ ದೂರದ ಸಂಗತಿಯಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಅನೇಕ ಹೆಣ್ಣುಮಕ್ಕಳ ಗರ್ಭಕೋಶವನ್ನು ಅನಗತ್ಯವಾಗಿ ತೆಗೆಯಲಾಗಿದೆ ಎಂಬ ದೂರು ಎದ್ದು ೨೦೧೫ರಲ್ಲಿ ಸರ್ಕಾರದ ಮಟ್ಟದಲ್ಲಿ ವಿಚಾರಣೆ ನಡೆಯಿತು. ನೆರೆಯ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಸ್ತ್ರೀಯರ ಬಗ್ಗೆ ೨೦೧೯ರಲ್ಲಿ ಸಮೀಕ್ಷೆ ನಡೆದಾಗ, ೮೨ ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ೧೩ ಸಾವಿರಕ್ಕೂ ಮೀರಿ ಸ್ತ್ರೀಯರು ಗರ್ಭಕೋಶ ಕಳೆದುಕೊಂಡಿದ್ದುದು ಬೆಳಕಿಗೆ ಬಂದಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಯನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ೨೦೨೨ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು; ಅವುಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ೨೦೨೩ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಎಲ್ಲ ರಾಜ್ಯಗಳಿಗೆ ನಿರ್ದೇಶನವಿತ್ತಿತು.

ಹಾಗೆಂದು ಗರ್ಭಕೋಶ ತೆಗೆಯುವುದೇ ತಪ್ಪೆಂದು ಯಾರೂ ತಿಳಿಯಬಾರದು. ಕ್ಯಾನ್ಸರ್ ಇದ್ದಾಗ, ಗಡ್ಡೆಗಳು ಗೋಡೆಯ ತುಂಬ ಹಬ್ಬಿದಾಗ, ಬೇರೆ ಚಿಕಿತ್ಸೆಗಳು ಫಲಿಸದಿದ್ದಾಗ, ಎಲ್ಲವನ್ನೂ ತಿಳಿದ ಸ್ತ್ರೀಯೇ ಅದನ್ನು ಬಯಸಿದಾಗ ಅದು ಯೋಗ್ಯ ಚಿಕಿತ್ಸೆಯೇ. ನಮ್ಮ ಆಕ್ಷೇಪ ಆ ಚಿಕಿತ್ಸೆಗಲ್ಲ, ಬೇರೆ ದಾರಿಯನ್ನು ಕೇಳದೆಯೇ ಅದನ್ನು ಒಪ್ಪುವುದಕ್ಕೆ.

ಒಬ್ಬ ವೈದ್ಯರ ಮನೆಯ ದುಃಖ

ಗಡ್ಡೆಯನ್ನಷ್ಟೇ ಬಿಡಿಸಿ ಗರ್ಭಕೋಶವನ್ನು ಉಳಿಸುವ ಶಸ್ತ್ರಚಿಕಿತ್ಸೆಗೆ ಮಯೋಮೆಕ್ಟಮಿ ಎಂದು ಹೆಸರು. ೧೮೪೪ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ಆಟ್ಲೀ ಸೋದರರು ಹೊಟ್ಟೆಯನ್ನು ತೆರೆದು ಇದನ್ನು ಯಶಸ್ವಿಯಾಗಿ ಮಾಡಿದರು. ಆದರೆ ರಕ್ತಸ್ರಾವದ ಭಯದಿಂದ ಬಹುಕಾಲ ವೈದ್ಯರು ಈ ದಾರಿಗೆ ಹಿಂಜರಿದರು. ಗರ್ಭಕೋಶವನ್ನೇ ತೆಗೆಯುವುದು ಅವರಿಗೆ ಸುಲಭವೆನಿಸಿತ್ತು.

ಲಂಡನ್ನಿನ ವಿಕ್ಟರ್ ಬಾನಿ (೧೮೭೨-೧೯೫೩) ಎಂಬ ಪ್ರಸಿದ್ಧ ಶಸ್ತ್ರವೈದ್ಯರು ಈ ಹಿಂಜರಿಕೆಯನ್ನು ಮುರಿದರು. ಅದರ ಹಿಂದೆ ಅವರ ಮನೆಯ ನೋವಿತ್ತು. ವಿವಾಹವಾದ ಕೆಲವೇ ವರ್ಷಗಳಲ್ಲಿ ಗಡ್ಡೆಯ ಕಾರಣದಿಂದ ಅವರ ಪತ್ನಿಯ ಗರ್ಭಕೋಶವನ್ನು ತೆಗೆಯಬೇಕಾಯಿತು. ಆ ದಂಪತಿಗಳಿಗೆ ಮಕ್ಕಳಾಗಲಿಲ್ಲ. ತನ್ನ ಮನೆಗೆ ಬಂದ ದುಃಖ ಇನ್ನೊಬ್ಬರ ಮನೆಗೆ ಬರಬಾರದೆಂಬ ಹಂಬಲದಿಂದಲೋ ಎಂಬಂತೆ ಅವರು ಈ ವಿದ್ಯೆಯನ್ನು ಸಾಧಿಸಿದರು. ಗರ್ಭಕೋಶಕ್ಕೆ ಬರುವ ರಕ್ತವನ್ನು ಶಸ್ತ್ರಕ್ರಿಯೆಯ ವೇಳೆಗಷ್ಟೇ ತಡೆಹಿಡಿಯುವ ಇಕ್ಕಳವೊಂದನ್ನು ರೂಪಿಸಿದರು. ಏಳು ನೂರಕ್ಕೂ ಹೆಚ್ಚು ಸ್ತ್ರೀಯರ ಗಡ್ಡೆ ತೆಗೆದು ಗರ್ಭಕೋಶ ಉಳಿಸಿದರು. ಅಂಗವನ್ನು ಕತ್ತರಿಸುವುದಕ್ಕಿಂತ ಕಾಪಾಡುವುದರಲ್ಲಿಯೇ ಶಸ್ತ್ರವೈದ್ಯನ ಹಿರಿಮೆಯಿದೆ ಎಂಬುದನ್ನು ಅವರ ಕೃತಿ ತೋರಿಸಿತು.

ಸಣ್ಣ ರಂಧ್ರದ ದೊಡ್ಡ ವಿದ್ಯೆ

ಬಾನಿಯವರು ಹೊಟ್ಟೆಯನ್ನು ಅಗಲವಾಗಿ ತೆರೆದೇ ಕೆಲಸ ಮಾಡಬೇಕಾಗಿತ್ತು. ತೆರೆಯದೆಯೇ ಒಳಗನ್ನು ಕಾಣುವ ಪ್ರಯತ್ನ ಬೇರೆಡೆ ನಡೆದಿತ್ತು. ೧೯೧೦ರಲ್ಲಿ ಸ್ಟಾಕ್‌ಹೋಮಿನ ಯಾಕೊಬೇಯಸ್ ಎಂಬ ವೈದ್ಯರು ಮನುಷ್ಯನ ಉದರದೊಳಗೆ ಸಣ್ಣ ನಳಿಕೆ ತೂರಿಸಿ ನೋಡಿದ ವಿವರವನ್ನು ಪ್ರಕಟಿಸಿದರು. ಬಹುಕಾಲ ಅದು ನೋಡುವ ಸಾಧನವಾಗಿ ಮಾತ್ರ ಉಳಿಯಿತು. ಅದನ್ನು ಶಸ್ತ್ರಕ್ರಿಯೆಯ ಸಾಧನವಾಗಿ ಬೆಳೆಸಿದವರಲ್ಲಿ ಜರ್ಮನಿಯ ಕೀಲ್ ನಗರದ ಸ್ತ್ರೀರೋಗ ತಜ್ಞ ಕುರ್ಟ್ ಸೆಮ್ ಅಗ್ರಗಣ್ಯರು. ಅವರು ೧೯೮೦ರಲ್ಲಿ ಈ ವಿಧಾನದಿಂದ ಅಪೆಂಡಿಕ್ಸ್ ತೆಗೆದಾಗ ಹಿರಿಯ ಶಸ್ತ್ರವೈದ್ಯರು ಮೆಚ್ಚುವ ಬದಲು, ಅವರನ್ನು ವೃತ್ತಿಯಿಂದಲೇ ಅಮಾನತುಗೊಳಿಸಬೇಕೆಂದು ಒತ್ತಾಯಿಸಿದರು. ಇಂದು ಜಗತ್ತೆಲ್ಲ ಅದೇ ಹಾದಿಯಲ್ಲಿ ನಡೆಯುತ್ತಿದೆ. ನಮ್ಮ ದೇಶದಲ್ಲಿ ಮುಂಬಯಿಯ ಡಾ. ತೆಹೆಂಟನ್ ಉಡ್ವಾಡಿಯಾ ಅವರು ೧೯೭೨ರಷ್ಟು ಹಿಂದೆಯೇ ಲ್ಯಾಪರೋಸ್ಕೋಪಿಯನ್ನು ಬಳಕೆಗೆ ತಂದರು. ಸಂತಾನಹರಣ ಶಿಬಿರಗಳ ಮೂಲಕ ಈ ಹೆಸರು ಹಳ್ಳಿಗಳಿಗೂ ಪರಿಚಿತವಾಗಿದೆ.

ಇದರ ಕ್ರಮ ಹೀಗಿದೆ. ಪೂರ್ಣ ಅರಿವಳಿಕೆ ಕೊಟ್ಟ ಮೇಲೆ ಹೊಕ್ಕುಳ ಬಳಿ ಸುಮಾರು ಒಂದು ಸೆಂಟಿಮೀಟರಿನ ರಂಧ್ರ ಮಾಡಿ, ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಆ ರಂಧ್ರದಿಂದ ಕ್ಯಾಮೆರಾ ಜೋಡಿಸಿದ ದರ್ಶಕವನ್ನೂ, ಅರ್ಧ ಸೆಂಟಿಮೀಟರಿನ ಇನ್ನೆರಡು ಮೂರು ರಂಧ್ರಗಳಿಂದ ಉಪಕರಣಗಳನ್ನೂ ಒಳಬಿಡುತ್ತಾರೆ. ವೈದ್ಯರು ಪರದೆಯನ್ನು ನೋಡುತ್ತ, ರಕ್ತನಾಳಗಳನ್ನು ಸಂಕುಚಿಸುವ ಔಷಧಿಯನ್ನು ಗಡ್ಡೆಯ ಸುತ್ತ ಚುಚ್ಚಿ, ಗರ್ಭಕೋಶದ ಗೋಡೆಯನ್ನು ಸೀಳಿ, ಗಡ್ಡೆಯನ್ನು ಅದರ ಹೊದಿಕೆಯಿಂದ ಬಿಡಿಸುತ್ತಾರೆ. ಬಳಿಕ ಆ ಗೋಡೆಯನ್ನು ಪದರು ಪದರಾಗಿ ಹೊಲಿಯುತ್ತಾರೆ. ಈ ಹೊಲಿಗೆಯೇ ಈ ವಿದ್ಯೆಯ ಜೀವಾಳ. ಮುಂದೆ ಗರ್ಭ ಧರಿಸುವವಳಿಗೆ ಈ ಹೊಲಿಗೆಯ ಬಲವೇ ರಕ್ಷೆ.

ಗಡ್ಡೆ ಒಳಕ್ಕೆ ಉಬ್ಬಿದ್ದಾದರೆ ಹೊಟ್ಟೆಯ ಮೇಲೆ ಒಂದು ಗೀರೂ ಬೇಕಿಲ್ಲ. ಯೋನಿಮಾರ್ಗದಿಂದಲೇ ತೆಳ್ಳನೆಯ ದರ್ಶಕವನ್ನು ಗರ್ಭಕೋಶದೊಳಗೆ ಬಿಟ್ಟು ಗಡ್ಡೆಯನ್ನು ಹೆರೆದು ತೆಗೆಯುತ್ತಾರೆ. ಇದು ಹಿಸ್ಟರೋಸ್ಕೋಪಿ. ೧೯೭೬ರಲ್ಲಿ ಅಮೆರಿಕದ ನ್ಯೂವಿರ್ತ್ ಮತ್ತು ಅಮೀನ್ ಎಂಬ ವೈದ್ಯರು ಈ ವಿಧಾನವನ್ನು ಪ್ರಕಟಿಸಿದರು. ಬಹುಮಂದಿ ಅದೇ ದಿನವೋ ಮರುದಿನವೋ ಮನೆಗೆ ಹಿಂದಿರುಗುತ್ತಾರೆ. ಲ್ಯಾಪರೋಸ್ಕೋಪಿಯಾದರೆ ಸಾಮಾನ್ಯವಾಗಿ ಒಂದೆರಡು ದಿನ ಆಸ್ಪತ್ರೆ, ಎರಡು ಮೂರು ವಾರ ವಿಶ್ರಾಂತಿ. ಹೊಟ್ಟೆ ಕೊಯ್ದ ಶಸ್ತ್ರಕ್ರಿಯೆಯಲ್ಲಿ ಇದು ಆರು ವಾರಗಳವರೆಗೂ ಹೋಗುತ್ತದೆ. ನೋವು, ಗಾಯದ ಸೋಂಕು, ರಕ್ತನಷ್ಟ - ಎಲ್ಲವೂ ಸಣ್ಣ ರಂಧ್ರದ ವಿಧಾನದಲ್ಲಿ ಕಡಿಮೆ.

ಮುಚ್ಚಿಡಬಾರದ ಮಾತುಗಳು

ಗುಣವನ್ನು ಹೇಳಿದ ಮೇಲೆ ದೋಷವನ್ನು ಮುಚ್ಚುವುದು ಧರ್ಮವಲ್ಲ. ಸಣ್ಣ ರಂಧ್ರವೆಂದರೆ ಸಣ್ಣ ಶಸ್ತ್ರಕ್ರಿಯೆ ಎಂದಲ್ಲ. ಒಳಗೆ ನಡೆಯುವುದು ದೊಡ್ಡ ಕೆಲಸವೇ. ರಕ್ತಸ್ರಾವ, ಕರುಳು ಅಥವಾ ಮೂತ್ರಕೋಶಕ್ಕೆ ಗಾಯ, ನಡುವೆಯೇ ಹೊಟ್ಟೆಯನ್ನು ತೆರೆಯಬೇಕಾದ ಪ್ರಸಂಗ - ಇವು ವಿರಳವಾದರೂ ಸಂಭವನೀಯ. ಗಡ್ಡೆಗಳು ಬಹಳವಿದ್ದರೆ, ತೀರ ದೊಡ್ಡವಾಗಿದ್ದರೆ ಹೊಟ್ಟೆ ತೆರೆಯುವ ಹಳೆಯ ಕ್ರಮವೇ ಸುರಕ್ಷಿತವಾಗಬಹುದು. ಗರ್ಭಕೋಶ ಉಳಿದಿರುವುದರಿಂದ ಕೆಲವರಿಗೆ ಕಾಲಾನಂತರ ಹೊಸ ಗಡ್ಡೆಗಳು ಹುಟ್ಟುವುದೂ ಉಂಟು. ಮಕ್ಕಳನ್ನು ಬಯಸುವವರು ವೈದ್ಯರು ಹೇಳಿದಷ್ಟು ತಿಂಗಳು ಕಾಯಬೇಕು. ಗಾಯ ಆಳವಾಗಿದ್ದರೆ ಹೆರಿಗೆಯ ನೋವಿನಲ್ಲಿ ಅದು ಬಿರಿಯುವ ಅಪಾಯವಿರುವುದರಿಂದ ಸಿಸೇರಿಯನ್ ಸೂಚಿಸುತ್ತಾರೆ. ಆದ್ದರಿಂದ ಶಸ್ತ್ರಕ್ರಿಯೆಯ ವರದಿಯನ್ನು ಜೋಪಾನವಾಗಿಟ್ಟು, ಮುಂದೆ ಹೆರಿಗೆ ಮಾಡಿಸುವ ವೈದ್ಯರಿಗೆ ತೋರಿಸತಕ್ಕದ್ದು.

ಇನ್ನೊಂದು ಮಾತು ಅತಿ ಮುಖ್ಯ. ಬಿಡಿಸಿದ ಗಡ್ಡೆಯನ್ನು ಸಣ್ಣ ರಂಧ್ರದಿಂದ ಹೊರತರಲು ಅದನ್ನು ಚೂರು ಮಾಡಬೇಕು. ಅದಕ್ಕಾಗಿ ವಿದ್ಯುತ್ತಿನಿಂದ ತಿರುಗುವ ಮಾರ್ಸಿಲೇಟರ್ ಎಂಬ ಯಂತ್ರವಿದೆ. ಗಡ್ಡೆಯಂತೆ ಕಾಣುವುದು ಅಪರೂಪಕ್ಕೆ ಸಾರ್ಕೋಮಾ ಎಂಬ ಕ್ಯಾನ್ಸರ್ ಆಗಿದ್ದರೆ, ಚೂರುಗಳು ಹೊಟ್ಟೆಯೊಳಗೆ ಸಿಡಿದು ರೋಗ ಹಬ್ಬುತ್ತದೆ. ಅಮೆರಿಕದ ಅರಿವಳಿಕೆ ತಜ್ಞೆ ಡಾ. ಏಮಿ ರೀಡ್ ಅವರಿಗೆ ೨೦೧೩ರಲ್ಲಿ ಹೀಗೆಯೇ ಆಯಿತು. ತಾನು ಅನುಭವಿಸಿದ್ದನ್ನು ಇತರರು ಅನುಭವಿಸಬಾರದೆಂದು ಅವರು ಪತಿಯೊಡನೆ ಹೋರಾಡಿದರು, ೨೦೧೭ರಲ್ಲಿ ತೀರಿಕೊಂಡರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೧೪ರಲ್ಲಿ ಈ ಯಂತ್ರದ ಬಗ್ಗೆ ಎಚ್ಚರಿಕೆ ನೀಡಿ, ಗಡ್ಡೆಗಾಗಿ ಶಸ್ತ್ರಕ್ರಿಯೆಗೆ ಒಳಗಾಗುವ ಸುಮಾರು ೩೫೦ ಸ್ತ್ರೀಯರಲ್ಲಿ ಒಬ್ಬರಿಗೆ ಇಂಥ ಅಡಗಿದ ಕ್ಯಾನ್ಸರ್ ಇರಬಹುದೆಂದು ಅಂದಾಜಿಸಿತು. ೨೦೨೦ರಲ್ಲಿ ಅದು, ಯಂತ್ರ ಬಳಸುವುದಾದರೆ ಗಡ್ಡೆಯನ್ನು ಮುಚ್ಚಿದ ಚೀಲದೊಳಗಿಟ್ಟೇ ಚೂರು ಮಾಡಬೇಕೆಂದು ಸೂಚಿಸಿತು. ಮುಟ್ಟು ನಿಂತವರಿಗೂ ಐವತ್ತು ದಾಟಿದವರಿಗೂ ಈ ಯಂತ್ರ ಸಲ್ಲದೆಂದಿತು.

ಶಸ್ತ್ರವಿಲ್ಲದ ದಾರಿಗಳು

ಎಲ್ಲ ಗಡ್ಡೆಗಳಿಗೂ ಶಸ್ತ್ರ ಬೇಕಿಲ್ಲ. ತೊಂದರೆ ಅಲ್ಪವಾಗಿದ್ದು ಮುಟ್ಟು ನಿಲ್ಲುವ ವಯಸ್ಸು ಸಮೀಪಿಸಿದ್ದರೆ ಕಾದು ನೋಡಬಹುದು. ಸ್ರಾವವನ್ನು ತಗ್ಗಿಸಲು ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಯಿದೆ. ಹೆರಿಗೆಯ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸಬೇಕೆಂದು ಜಪಾನಿನ ವೈದ್ಯೆ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೋಧಿಸಿ ೧೯೬೨ರಲ್ಲಿ ಪ್ರಕಟಿಸಿದ ಔಷಧಿಯಿದು. ಹಾರ್ಮೋನು ಒಸರುವ ಪುಟ್ಟ ಸಾಧನವನ್ನು ಗರ್ಭಕೋಶದೊಳಗೆ ಅಳವಡಿಸುವುದು, ಗಡ್ಡೆಯನ್ನು ಕೆಲಕಾಲ ಕುಗ್ಗಿಸುವ ಚುಚ್ಚುಮದ್ದು ಮುಂತಾದವೂ ಇವೆ. ೧೯೯೫ರಲ್ಲಿ ಪ್ಯಾರಿಸ್ಸಿನ ರವೀನಾ ಮತ್ತು ಸಂಗಡಿಗರು, ಗಡ್ಡೆಗೆ ರಕ್ತ ಒಯ್ಯುವ ನಾಳವನ್ನೇ ಸೂಕ್ಷ್ಮ ಕಣಗಳಿಂದ ಮುಚ್ಚಿ ಅದನ್ನು ಬಾಡಿಸುವ ವಿಧಾನವನ್ನು ಪ್ರಕಟಿಸಿದರು. ಮುಂದೆ ಮಕ್ಕಳನ್ನು ಬಯಸುವವರಿಗೆ ಇದನ್ನು ಸಾಮಾನ್ಯವಾಗಿ ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಯಾವ ದಾರಿ ಹಿಡಿದರೂ ಮೊದಲು ರಕ್ತಹೀನತೆಯನ್ನು ಸರಿಪಡಿಸಿಕೊಳ್ಳಬೇಕು. ಕಬ್ಬಿಣಾಂಶದ ಮಾತ್ರೆಯಿಂದಲೋ ಇಂಜೆಕ್ಷನ್ನಿನಿಂದಲೋ ರಕ್ತ ತುಂಬಿದ ದೇಹವೇ ಶಸ್ತ್ರಕ್ಕೆ ಯೋಗ್ಯ.

ಕೇಳಬೇಕಾದ ಪ್ರಶ್ನೆಗಳು

ವೈದ್ಯರ ಮುಂದೆ ಕುಳಿತಾಗ ಈ ಪ್ರಶ್ನೆಗಳನ್ನು ವಿನಯದಿಂದ, ಆದರೆ ಸಂಕೋಚವಿಲ್ಲದೆ ಕೇಳಬೇಕು:

೧. ಗಡ್ಡೆಗಳು ಎಷ್ಟಿವೆ? ಎಷ್ಟು ದೊಡ್ಡವು? ಯಾವ ಸ್ಥಳದಲ್ಲಿವೆ?

೨. ಈ ತೊಂದರೆಗೆ ಗಡ್ಡೆಯೇ ಕಾರಣವೆ? ಕ್ಯಾನ್ಸರ್ ಇಲ್ಲವೆಂದು ತಿಳಿಯಲು ಏನೇನು ಪರೀಕ್ಷೆ ಆಗಿದೆ?

೩. ಔಷಧಿಯಿಂದ ಸಾಧ್ಯವಿಲ್ಲವೆ? ಆರು ತಿಂಗಳು ಕಾದರೆ ಅಪಾಯವೇನು?

೪. ಗಡ್ಡೆಯನ್ನಷ್ಟೇ ತೆಗೆಯಬಹುದೆ? ಸಾಧ್ಯವಿಲ್ಲವಾದರೆ ಏಕೆ?

೫. ಸಣ್ಣ ರಂಧ್ರದ ವಿಧಾನ ಒಗ್ಗುತ್ತದೆಯೆ? ತಮಗೆ ಇದರಲ್ಲಿ ಎಷ್ಟು ಅನುಭವವಿದೆ?

೬. ಗಡ್ಡೆಯನ್ನು ಹೊರತರುವುದು ಹೇಗೆ? ಚೀಲ ಬಳಸುತ್ತೀರಾ? ತೆಗೆದದ್ದನ್ನು ಪ್ರಯೋಗಾಲಯಕ್ಕೆ ಕಳಿಸುತ್ತೀರಾ?

೭. ಗರ್ಭಕೋಶವನ್ನೇ ತೆಗೆಯಬೇಕಾದರೆ ಅಂಡಾಶಯಗಳನ್ನು ಉಳಿಸುವಿರಾ?

೮. ಒಟ್ಟು ವೆಚ್ಚವೆಷ್ಟು? ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇದಕ್ಕೆ ಅವಕಾಶವಿದೆಯೆ?

ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಂದ ಸಿಟ್ಟಾಗುವುದಿಲ್ಲ, ಸಂತೋಷಪಡುತ್ತಾರೆ. ತುರ್ತಿಲ್ಲದಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಅವಿಶ್ವಾಸವಲ್ಲ, ವಿವೇಕ. ಕೊನೆಯ ಒಪ್ಪಿಗೆಯ ಮಾತು ಮಾತ್ರ ಆಕೆಯದೇ ಆಗಿರಬೇಕು. ಸಹಿ ಹಾಕುವವರು ಪತಿಯಾದರೂ ಮಾವನಾದರೂ, ಮೈ ಆಕೆಯದು.

ಬಂಧುಗಳೇ, ಈ ಲೇಖನವನ್ನು ಮನೆಯ ಗಂಡಸರು ಓದಿ ಮಡಿಸಿಟ್ಟರೆ ಪ್ರಯೋಜನವಿಲ್ಲ. ಮನೆಯ ಹೆಣ್ಣುಮಕ್ಕಳ ಕೈಗೂ ಕೊಡಬೇಕು. ತಾಯಿ, ಪತ್ನಿ, ಸೊಸೆ, ಮಗಳು - ಇವರಲ್ಲಿ ಯಾರಾದರೂ ತಿಂಗಳ ಕೆಲವು ದಿನ ಗೋಡೆ ಹಿಡಿದು ನಡೆಯುತ್ತಿದ್ದರೆ ಹತ್ತಿರ ಕುಳಿತು ಕಾರಣ ವಿಚಾರಿಸಬೇಕು. ಒಂದು ಹಿಮೋಗ್ಲೋಬಿನ್ ಪರೀಕ್ಷೆ, ಒಂದು ಸ್ಕ್ಯಾನ್ - ಅಷ್ಟರಿಂದ ಎಷ್ಟೋ ವರ್ಷಗಳ ಸಂಕಟಕ್ಕೆ ದಾರಿ ಕಾಣುತ್ತದೆ. ಹೇಳಿಕೊಂಡವಳ ಮಾತನ್ನು ಕೇಳುವ ಕಿವಿ, ಕೇಳಿದ ಮೇಲೆ ವಿಚಾರಿಸಿ ನಡೆಯುವ ತಾಳ್ಮೆ, ಈ ಎರಡು ನಮ್ಮ ಮನೆಗಳಲ್ಲಿ ನೆಲೆಸಲಿ ಎಂಬುದೇ ನಮ್ಮ ಹಾರೈಕೆ.